ಡ್ರೈವರಣ್ಣನ ಹಾಲೆ ಕಷಾಯ

ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ, ಹೊರಗೆ ಇನ್ನೂ ಪೂರ್ತಿ ಬೆಳಕಾಗುವ ಮೊದಲು, ನಾನು ನಿಂತದ್ದು ಡ್ರೈವರಣ್ಣನ ಅಡುಗೆಕೋಣೆಯ ಬಾಗಿಲಿನ ಒಳಗೆ, ಬಲಬದಿಯ ಗೋಡೆಗೆ ಬೆನ್ನು ಕೊಟ್ಟು. ನನ್ನ ಎಡಕ್ಕೆ ನನ್ನ ಅಮ್ಮ. ಎದುರಿಗೆ, ಒಲೆಯ ಪಕ್ಕದ ಮಣೆಯ ಮೇಲೆ ಡ್ರೈವರಣ್ಣ ಕೂತಿದ್ದರು. ಅವರಿಗೂ ನಮಗೂ ನಡುವೆ ನೆಲದ ಮೇಲೆ ಕಷಾಯದ ಪಾತ್ರೆ ಇತ್ತು. ದೀಪ ಅವರ ತಲೆಯ ಮೇಲೆಯೇ ಇದ್ದುದರಿಂದ, ಲೋಟ ಎತ್ತಿದ ಅವರ ಬಲಗೈ ನನಗೆ ಚೆನ್ನಾಗಿ ಕಂಡಿತು.

ಆ ಕೈ ಮೊಣಕೈಯವರೆಗೆ ಸುಟ್ಟ ತೆಂಗಿನ ಗೆರಟೆಯ ಬಣ್ಣದ್ದು. ಜೀವಮಾನವಿಡೀ ಬಸ್ಸಿನ ಕಿಟಕಿಯ ಮೇಲೆ ಬಿಸಿಲಿಗೆ ಇಟ್ಟ ಕೈ. ಎಡಗೈ ಮಾತ್ರ ಬಸ್ಸಿನ ಗೇರಿನ ಮೇಲೆ ನೆರಳಿನಲ್ಲೇ ಇದ್ದು ಬೆಳ್ಳಗೆ ಉಳಿದಿತ್ತು. ಅವರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಮನುಷ್ಯರು ಒಂದೊಂದು ಕೈ ಕೊಟ್ಟು ಮಾಡಿದ ಹಾಗೆ ಕಾಣುತ್ತಿತ್ತು.

ಆ ಬೆಳಿಗ್ಗೆ ಏನಾಯಿತು ಎಂಬುದನ್ನು ನಮ್ಮ ಊರಿನಲ್ಲಿ ಈಗ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಅಲ್ಲಿ ಇರಲಿಲ್ಲ. ನಾನು ನೋಡಿದ್ದನ್ನು ಮಾತ್ರ ಬರೆಯುತ್ತೇನೆ. ನೋಡದೆ ಕೇಳಿದ್ದನ್ನು, ಕೇಳಿದ್ದು ಎಂದೇ ಹೇಳುತ್ತೇನೆ.

ನಮ್ಮ ಮನೆ ಮಡಂತ್ಯಾರಿನಿಂದ ಸ್ವಲ್ಪ ಒಳಗೆ. ಡ್ರೈವರಣ್ಣನದ್ದು ನಮ್ಮ ಬೇಲಿಯ ಆಚೆ. ಮೊದಲು ಮೂಡುಬಿದಿರೆಯಿಂದ ಬೆಳ್ತಂಗಡಿಗೆ, ಆಮೇಲೆ ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಅವರು ಖಾಸಗಿ ಬಸ್ಸು ಓಡಿಸಿದವರು. ಆ ರಸ್ತೆಗಳ ಎರಡೂ ಬದಿಯಲ್ಲಿ ಎಲ್ಲಿ ಯಾವ ಗಿಡ ಉಂಟು ಎಂದು ಅವರಿಗೆ ಗೊತ್ತಿತ್ತು. ಮಳೆಗಾಲ ಶುರುವಾಗಿ ತಗಟೆ ಸೊಪ್ಪು ಚಿಗುರಿತೋ, ಯಾವುದೋ ತಿರುವಿನಲ್ಲಿ ಬಸ್ಸು ನಿಧಾನವಾಗುತ್ತಿತ್ತು. ಕಂಡಕ್ಟರ್ ಹಾರಿ ಇಳಿದು ಒಂದು ಮುಷ್ಟಿ ಕಿತ್ತು ತರುತ್ತಿದ್ದ. ಕಾಲೇಜು ಮಕ್ಕಳು ಸೀಟಿ ಊದುತ್ತಿದ್ದರು. ಒಮ್ಮೆ ಕಂಡಕ್ಟರ್ ಒಂದೆಲಗದ ಬಳ್ಳಿ ಹಿಡಿದು ಹತ್ತುವಾಗ ಹಿಂದಿನ ಸೀಟಿನ ಹೆಂಗಸೊಬ್ಬರು ಅದಕ್ಕೂ ಟಿಕೆಟ್ ಹರಿಯಪ್ಪ ಎಂದರು. ಡ್ರೈವರಣ್ಣ ಕನ್ನಡಿಯಲ್ಲಿ ಅವರನ್ನು ನೋಡಿ, "ಅದು ಪಾಸಿನವರು ಅಕ್ಕ," ಎಂದರು. ಆ ದಿನ ಆ ಬಸ್ಸಿನಲ್ಲಿ ನಾನೂ ಇದ್ದೆ.

ಕೆಲಸ ಬಿಟ್ಟ ಮೇಲೆ ಅವರು ಪೂರ್ತಿ ಈ ಸೊಪ್ಪು ಬೇರುಗಳಿಗೇ ಇಳಿದರು. ಮಳೆಯಲ್ಲಿ ಹಳೆಯ ಖಾಕಿ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಅಡಿಕೆ ಹಾಳೆಯ ಚೀಲ ಹಿಡಿದು ತೋಡಿನ ಬದಿಯಲ್ಲಿ ಬಗ್ಗಿ ನಡೆಯುತ್ತಿದ್ದರು. ಶೀತಕ್ಕೆ ಲಕ್ಕಿ ಸೊಪ್ಪಿನ ಹಬೆ, ಹೊಟ್ಟೆಗೆ ನೆಲನೆಲ್ಲಿ, ಮಳೆಗಾಲದಲ್ಲಿ ಬೆರಳ ಸಂದು ಕೊಳೆತವರಿಗೆ ಅರಸಿನ ಬೆರೆಸಿದ ಒಂದು ಎಣ್ಣೆ. ಅಷ್ಟೇ. ಅದರಾಚೆಗೆ ಯಾರು ಏನು ಕೇಳಿದರೂ ಅವರದ್ದು ಒಂದೇ ಉತ್ತರ. "ಅದು ನನ್ನ ರೂಟ್ ಅಲ್ಲ. ಡಾಕ್ಟ್ರಲ್ಲಿಗೆ ಹೋಗಿ."

ಈ ಮಾತಿಗೆ ಜನ ಬೇಸರ ಪಟ್ಟದ್ದೂ ಉಂಟು. ಒಮ್ಮೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿದ ಮುದುಕರೊಬ್ಬರನ್ನು ಮಗ ಹೊತ್ತುಕೊಂಡು ಇವರ ಅಂಗಳಕ್ಕೇ ತಂದ. ಇವರು ಚಪ್ಪಲಿ ಕೂಡ ಹಾಕದೆ ತಮ್ಮ ಓಮ್ನಿ ವ್ಯಾನು ಸ್ಟಾರ್ಟ್ ಮಾಡಿದರು. ಆ ಮಗ ಗೋಗರೆಯುತ್ತಿದ್ದ, ಮೊದಲು ಏನಾದರೂ ಎಲೆ ಅರೆದು ಕೊಡಿ ಅಂತ. ಇವರು ಅವನನ್ನು ಬೈದು ವ್ಯಾನಿಗೆ ಹತ್ತಿಸಿದರು. ಮುದುಕರು ಬದುಕಿದರು. ಆದರೂ ತಮ್ಮ ಮದ್ದಿನ ಮೇಲೆ ಅವರಿಗೇ ನಂಬಿಕೆ ಇಲ್ಲ ಎಂದು ಕೆಲವರು ಆಡಿಕೊಂಡರು. ನಾನು ಅದನ್ನು ಅವರಿಗೆ ಹೇಳಿದಾಗ, ನಂಬಿಕೆ ಇರುವುದು ಬ್ರೇಕಿನ ಮೇಲೆ, ಅದನ್ನೂ ದಿನಾ ನೋಡಿಯೇ ಹೊರಡಬೇಕು ಎಂದರು.

ಬ್ರೇಕಿನ ಮಾತು ಸುಮ್ಮನೆ ಬಂದದ್ದಲ್ಲ. ಬೆಳಗಿನ ಮೊದಲ ಟ್ರಿಪ್ಪಿಗೆ ಅವರು ಬಸ್ಸನ್ನು ಒಂದು ಬಸ್ಸಿನ ಉದ್ದ ಮುಂದಕ್ಕೆ ಬಿಟ್ಟು, ನಿಲ್ಲಿಸಿ, ಆಮೇಲೆ ಜನ ಹತ್ತಿಸುತ್ತಿದ್ದರಂತೆ. ಮದ್ದಿನಲ್ಲೂ ಹಾಗೆಯೇ. ಯಾರಿಗೆ ಏನು ಕೊಡುವುದಿದ್ದರೂ ಮೊದಲು ತಾವು ಕುಡಿಯುತ್ತಿದ್ದರು. ಕುಡಿದು, ಒಂದು ವೀಳ್ಯ ಮಡಚಿ ಬಾಯಿಗೆ ಹಾಕಿ, ಅದನ್ನು ಪೂರ್ತಿ ಜಗಿದು ಹೊರಗೆ ಉಗಿದು ಬರುವವರೆಗೆ ಬೇರೆಯವರು ಲೋಟ ಮುಟ್ಟುವ ಹಾಗಿಲ್ಲ. ಇದನ್ನು ನಾವೆಲ್ಲ ಬ್ರೇಕ್ ಟೆಸ್ಟ್ ಎಂದು ತಮಾಷೆ ಮಾಡುತ್ತಿದ್ದೆವು.

ನಮ್ಮ ಕಡೆ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ಎಲ್ಲರಿಗೂ ಗೊತ್ತಿರುವ ಕ್ರಮ. ತುಳುವಿನಲ್ಲಿ ಪಾಲೆ ಎನ್ನುತ್ತೇವೆ. ಹಿಂದಿನ ದಿನವೇ ಹೋಗಿ ಮರ ನೋಡಿ, ಗುರುತು ಹಾಕಿ, ನಾಳೆ ಬರುತ್ತೇವೆ ಎಂದು ಅದಕ್ಕೆ ಹೇಳಿ ಬರಬೇಕು. ಮರುದಿನ ಬೆಳಕು ಹರಿಯುವ ಮೊದಲು ಹೋಗಬೇಕು. ಕತ್ತಿ ಒಯ್ಯುವಂತಿಲ್ಲ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯಬೇಕು. ದೀಪ ಬೇಡ. ಹೋಗುವಾಗ ಬರುವಾಗ ಮಾತು ಬೇಡ. ಹಿಂದೆ ಮೈಮೇಲೆ ಬಟ್ಟೆಯೂ ಇಲ್ಲದೆ ಹೋಗುತ್ತಿದ್ದರಂತೆ. ನಮ್ಮ ಆಚೆ ಮನೆಯ ಕಾಕ, ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟವರು, ಪ್ರತಿ ವರ್ಷ ಕಷಾಯಕ್ಕೆ ಬರುತ್ತಿದ್ದರು. ಬಂದ ಕೂಡಲೇ, ಈ ವರ್ಷವಾದರೂ ಕ್ರಮದಲ್ಲಿ ಹೋದಿರಾ ಎಂದು ಕೇಳುತ್ತಿದ್ದರು. "ಈಗ ರೋಡಿಗೆ ಸಿಸಿ ಕ್ಯಾಮೆರಾ ಹಾಕಿದ್ದಾರೆ ಕಾಕ, ನಿಮ್ಮ ಮೊಬೈಲಿಗೇ ಬರ್ತದೆ," ಎಂದು ಡ್ರೈವರಣ್ಣ ಹೇಳುತ್ತಿದ್ದರು.

ಎಷ್ಟೋ ವರ್ಷದಿಂದ ಅವರು ಕೆತ್ತೆ ತರುತ್ತಿದ್ದ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಆ ವರ್ಷ ಹೊಸ ಮರ ಹುಡುಕಬೇಕಾಯಿತು. ಅಮಾವಾಸ್ಯೆಯ ಹಿಂದಿನ ಸಂಜೆ ಅವರು ಗುರುತು ಹಾಕಲು ಹೊರಟಾಗ ಕೊಡೆ ಹಿಡಿದು ನಾನೂ ಹೋದೆ. ಮನೆಯ ಹಿಂದಿನ ಕಾಲುದಾರಿಯಲ್ಲಿ ಇಳಿದು, ತೋಡು ದಾಟಿ ಆಚೆ ಬದಿಯ ತೋಟಕ್ಕೆ ಹತ್ತಿದೆವು. ಅಲ್ಲಿ ಒಂದು ಹಾಲೆ ಮರ ಇತ್ತು. ಅವರು ಮೊದಲು ತಲೆಯೆತ್ತಿ ಎಲೆ ನೋಡಿದರು. ಆಮೇಲೆ ಉಗುರಿನಿಂದ ತೊಗಟೆ ಕೆರೆದರು. ಬೆಳ್ಳಗೆ ಹಾಲು ಒಸರಿತು. ಅದನ್ನು ಬೆರಳಿಗೆ ಹಚ್ಚಿಕೊಂಡು ನನಗೆ ತೋರಿಸಿದರು. "ಇದು ಬಂದ್ರೆ ಮಾತ್ರ ಹಾಲೆ. ಬರದಿದ್ರೆ ಯಾರೇ ಹೇಳಲಿ, ಅಲ್ಲ." ಸುಣ್ಣದ ಡಬ್ಬಿ ತೆಗೆದು ಎದೆಯೆತ್ತರಕ್ಕೆ ಕಾಂಡದ ಸುತ್ತ ಒಂದು ಬಿಳಿ ಗೆರೆ ಎಳೆದರು. ಮರಕ್ಕೆ ಅಂಗೈ ಒತ್ತಿ ಏನೋ ಹೇಳಿದರು. ಆ ಅಂಗೈ ನನ್ನ ಭುಜದ ಮೇಲೆ ಬಿದ್ದಾಗ ಕಾದ ಕಾವಲಿಯ ಹಾಗೆ ಬಿಸಿ ಇತ್ತು. ಜ್ವರ ಶುರುವಾಗಿತ್ತು.

ಅದೇ ತೋಟದಲ್ಲಿ, ಹಾಲೆಗಿಂತ ರಸ್ತೆಗೆ ಹತ್ತಿರವಾಗಿ, ಒಂದು ಕಾಸರಕನ ಮರವೂ ಇತ್ತು. ಅದರ ಬೀಜ, ತೊಗಟೆ ಎರಡೂ ವಿಷ. ನಾವು ತೋಡಿನ ಕಡೆಯಿಂದ ಹೋದವರಾದ್ದರಿಂದ ಅದರ ಈಚೆಯ ಮೈ ಮಾತ್ರ ನಮಗೆ ಕಂಡಿತ್ತು. ರಸ್ತೆಗೆ ಮುಖ ಮಾಡಿದ ಬದಿಯಲ್ಲಿ ಏನಿತ್ತು ಎಂದು ನಾವು ನೋಡಲಿಲ್ಲ. ನೋಡುವ ಕಾರಣವೂ ಇರಲಿಲ್ಲ.

ರಾತ್ರಿಯಿಡೀ ಮಳೆ ಹೊಡೆಯಿತು. ಮುಂದಿನ ಇಷ್ಟು ಮಾತು ನಾನು ಕಂಡದ್ದಲ್ಲ, ಡ್ರೈವರಣ್ಣನ ಹೆಂಡತಿ ಆಮೇಲೆ ಹೇಳಿದ್ದು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಬೆಳಗಿನ ಜಾವ ಡ್ರೈವರಣ್ಣನಿಗೆ ಏಳಲು ಆಗಲಿಲ್ಲ. ಮಗಳು ಹೆರಿಗೆಗೆ ಬಂದು ಮಗುವಿನ ಜೊತೆ ಒಳಕೋಣೆಯಲ್ಲಿದ್ದಳು. ಮಸ್ಕತ್‌ನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ ಅಳಿಯ ಮಗುವನ್ನು ನೋಡಲು ರಜೆಯಲ್ಲಿ ಬಂದಿದ್ದ. ಮದುವೆಯಾದ ಮೇಲೆ ಆ ಮನೆಯಲ್ಲಿ ಅವನಿಗೆ ಅದು ಮೊದಲ ಆಟಿ. ಕೆತ್ತೆ ನಾನೇ ತರುತ್ತೇನೆ ಮಾವ ಎಂದು ಅವನೇ ಎದ್ದ. ಮಾವ ದಾರಿ ಹೇಳಿದರು, ತೋಡಿನ ಆಚೆ, ಬಿಳಿ ಗುರುತು ಹಾಕಿದ ಮರ. ತೋಡು ತುಂಬಿ ಕಾಲುದಾರಿ ಮುಳುಗಿತ್ತು. ಅವನು ಸ್ಕೂಟರಿನಲ್ಲಿ ಸುತ್ತು ಬಳಸಿ ರಸ್ತೆಯ ಕಡೆಯಿಂದ ಹೋದ. ಮಾತಾಡಬಾರದೆಂದು ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋದ.

ತಂದ ಕೆತ್ತೆಯನ್ನು ಅಕ್ಕ ಕೂಡಲೇ ಅರೆದರು. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಹಿಂಡಿದರು. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಂಯ್ ಎಂದು ಅದರಲ್ಲಿ ಮುಳುಗಿಸಿದರು. ಆ ಶಬ್ದ ಆಗುವಾಗ ನಾನು ಮತ್ತು ಅಮ್ಮ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆವು. ಇಲ್ಲಿಂದ ಮುಂದಿನದ್ದು ನಾನು ಕಂಡದ್ದು.

ಕಾಕ ನಮಗಿಂತ ಮೊದಲೇ ಬಂದು ಕಿಟಕಿಯ ಬುಡದಲ್ಲಿ ಕೂತಿದ್ದರು. ಅಳಿಯ ಒದ್ದೆ ಕೂದಲಲ್ಲೇ ನಿಂತು ಲೋಟಗಳಿಗೆ ಕಷಾಯ ಬಗ್ಗಿಸುತ್ತಿದ್ದ. ನಮ್ಮೆಲ್ಲರ ಕೈಗೂ ಲೋಟ ಬಂತು. ಡ್ರೈವರಣ್ಣ ಕಂಬಳಿ ಹೊದ್ದು ಗೋಡೆ ಹಿಡಿದು ಬಂದು ಮಣೆಯ ಮೇಲೆ ಕೂತರು. ಕುಳಿತವರು ಮೊದಲು ಕೇಳಿದ್ದು ಒಂದೇ.

"ಹಾಲು ಬಂತಾ?"

ಅಳಿಯ ನಕ್ಕ. "ಆ ಮಳೆಯಲ್ಲಿ ಎಲ್ಲಿಯ ಹಾಲು ಮಾವ. ತೊಳೆದು ಹೋಗಿದೆ."

ಅವರು ಪಾತ್ರೆಯನ್ನು ನೋಡಿದರು. ಹಿಂಡಿದ ಚರಟ ಎಲ್ಲಿ ಎಂದು ಕೇಳಿದರು. ಅಕ್ಕ ಅದನ್ನು ಆಗಲೇ ತೋಡಿಗೆ ಹಾಕಿ ಬಂದಿದ್ದರು, ಕ್ರಮ ಹಾಗೆಯೇ. ಆಮೇಲೆ ಡ್ರೈವರಣ್ಣ ಅಳಿಯನ ಮುಖ ನೋಡಿದರು. ಅವನ ಬೆರಳಿನ ಗಂಟು ಕಲ್ಲಿಗೆ ತಾಗಿ ಸುಲಿದಿತ್ತು. ಇಷ್ಟು ಜನರ ಎದುರು, ಅವನು ಮೊದಲ ಸಲ ತಂದದ್ದನ್ನು ಚೆಲ್ಲು ಎನ್ನಲು ಅವರಿಗೆ ಬಾಯಿ ಬರಲಿಲ್ಲ ಎಂದು ನಾನು ತಿಳಿದಿದ್ದೇನೆ. ಇದು ನನ್ನ ಊಹೆ. ನಾನು ಕಂಡದ್ದು, ಅವರು ಲೋಟಕ್ಕೆ ಕೈ ಚಾಚಿದ್ದು.

ಜ್ವರದಲ್ಲಿ ಕುಡಿಯಬಾರದು ಎಂದು ಅಕ್ಕ ಅಡ್ಡ ಬಂದರು. ತಂದವನು ನಾನು, ಮೊದಲು ನಾನು ಕುಡಿಯುತ್ತೇನೆ ಎಂದು ಅಳಿಯ ತನ್ನ ಲೋಟ ಎತ್ತಿದ.

"ಕೆಳಗಿಡು," ಎಂದರು ಡ್ರೈವರಣ್ಣ. "ಈ ಮನೆಯಲ್ಲಿ ಸ್ಟಿಯರಿಂಗ್ ಇನ್ನೂ ನನ್ನ ಕೈಲಿ ಉಂಟು."

ಅವನು ಇಟ್ಟ. ಅವರು ಕುಡಿದರು. ಲೋಟ ಖಾಲಿಯಾಗುವವರೆಗೆ ಕುಡಿದು ಮುಖ ಹಿಂಡಿದರು. ಹಾಲೆಯೂ ಕಹಿಯೇ, ಪ್ರತಿ ವರ್ಷ ಎಲ್ಲರೂ ಮುಖ ಹಿಂಡುವವರೇ. ವೀಳ್ಯ ಮಡಚಿ ಬಾಯಿಗೆ ಹಾಕಿಕೊಂಡರು.

ನಾವು ಕಾದೆವು. ಹೊರಗೆ ಬೆಳಕಾಗುತ್ತಾ ಬಂತು. ಸೂರ್ಯ ಏಳುವ ಮೊದಲು ಕುಡಿದರೆ ಮಾತ್ರ ಗುಣ ಎಂದು ಅಮ್ಮ ಗೊಣಗಿದರು. ಒಲೆಯ ಮೇಲೆ ಮೆಂತೆ ಗಂಜಿ ಕುದಿಯುತ್ತಿತ್ತು. ಕಾಕ, ಅಂಗಡಿ ಬಾಗಿಲು ತೆಗೆಯಬೇಕು ಮಾರಾಯ್ರೆ, ನಿಮ್ಮ ಎಲೆ ಇವತ್ತು ಜಗಿದು ಮುಗಿಯುವುದಿಲ್ಲವಾ ಎಂದರು. ಡ್ರೈವರಣ್ಣ ಜಗಿಯುತ್ತಲೇ ಇದ್ದರು. ಜಗಿಯುವುದು ನಿಧಾನವಾಗಿತ್ತು. ಅವರು ಎಡಗೈಯಿಂದ ಕೆನ್ನೆಯನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಹಲ್ಲುನೋವು ಎಂದು ನಾನು ಎಣಿಸಿದೆ.

ಅಮ್ಮ ಲೋಟವನ್ನು ತುಟಿಯ ಹತ್ತಿರ ತಂದರು. ಅದನ್ನು ನಾನು ನೋಡಿದೆ. ಡ್ರೈವರಣ್ಣನೂ ನೋಡಿದರು. ಅವರು ಉಗಿಯಲು ಹೋದರು. ಬಾಯಿ ತೆರೆಯಲಿಲ್ಲ. ಕೆಂಪು ರಸ ತುಟಿಯ ಮೂಲೆಯಿಂದ ಗಲ್ಲಕ್ಕೆ ಇಳಿಯಿತು. ಅವರು ಮಣೆಯಿಂದ ಮುಂದಕ್ಕೆ ಬಿದ್ದ ಹಾಗೆ ಬಂದು ಆ ಕಪ್ಪು ಕೈಯನ್ನು ಬೀಸಿದರು. ಅಮ್ಮನ ಲೋಟ ಗೋಡೆಗೆ ಹೋಯಿತು. ಎರಡನೆಯ ಸಲ ಬೀಸಿದ್ದಕ್ಕೆ ಪಾತ್ರೆ ಮಗುಚಿತು.

ಅಮಾವಾಸ್ಯೆಯ ಮದ್ದು ಚೆಲ್ಲಿದ್ದಕ್ಕೆ ಅಕ್ಕ ತಲೆಯ ಮೇಲೆ ಕೈಯಿಟ್ಟರು. ಜ್ವರ ನೆತ್ತಿಗೇರಿದೆ, ಹಿಡಿಯಿರಿ ಎಂದು ಕಾಕ ಎದ್ದರು. ಡ್ರೈವರಣ್ಣ ಕಚ್ಚಿದ ಹಲ್ಲಿನ ನಡುವಿನಿಂದ ಒಂದೊಂದೇ ಮಾತು ಹೊರಗೆ ಹಾಕಿದರು.

"ಯಾರೂ ಮುಟ್ಟಬೇಡಿ. ಹಾಲೆ ಅಲ್ಲ. ಕಾಸರಕ."

ಆಗ ಪಾತ್ರೆಯ ಮುಚ್ಚಳ ಕಟ್ಟೆಯ ಮೇಲಿಂದ ಉರುಳಿ ನೆಲಕ್ಕೆ ಬಿತ್ತು. ಆ ಶಬ್ದಕ್ಕೆ ಅವರ ಇಡೀ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿತ್ತು. ಕಣ್ಣು ತೆರೆದೇ ಇತ್ತು. ಅವರಿಗೆ ಎಲ್ಲವೂ ಗೊತ್ತಾಗುತ್ತಿತ್ತು.

ನಾನು ಪೇಟೆಯ ಡಾಕ್ಟರಿಗೆ ಫೋನ್ ಮಾಡಿದೆ. ಕಾಸರಕ ಎಂದ ಕೂಡಲೇ ಅವರು ಬೇರೇನೂ ಕೇಳಲಿಲ್ಲ. ಮಂಗಳೂರಿಗೆ ಒಯ್ಯಿರಿ, ಅಲ್ಲಿಗೆ ನಾನು ಹೇಳಿ ಇಡುತ್ತೇನೆ ಎಂದರು. ಮತ್ತೆ ಹೇಳಿದ್ದು ಇಷ್ಟು. ಬಾಯಿಗೆ ಏನೂ ಹಾಕಬೇಡಿ. ಬೆಳಕು ಬೀಳಬಾರದು. ಶಬ್ದ ಆಗಬಾರದು, ಒಂದೊಂದು ಶಬ್ದಕ್ಕೂ ಮೈ ಸೆಟೆಯುತ್ತದೆ, ಉಸಿರು ನಿಲ್ಲುವುದು ಆಗಲೇ. ನಾನು ಅದನ್ನು ಪಿಸುಮಾತಿನಲ್ಲಿ ಉಳಿದವರಿಗೆ ಹೇಳಿದೆ. ಒಳಕೋಣೆಯಲ್ಲಿ ಮಗು ಅಳಲು ಶುರು ಮಾಡಿತು. ಮಗಳು ಏನಾಯಿತೆಂದು ಕೇಳದೆ, ಮಗುವನ್ನು ಎದೆಗೆ ಒತ್ತಿಕೊಂಡು ಬಾಗಿಲು ಹಾಕಿದಳು.

ಓಮ್ನಿಯ ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿದೆವು. ಕಿಟಕಿಗಳಿಗೆ ಅಕ್ಕನ ಸೀರೆ ಕಟ್ಟಿದೆವು. ಕಾಕ ಓಡಿಸಿದರು. ಅಕ್ಕ ಮುಂದೆ ಕೂತರು. ಹಿಂದೆ ಡ್ರೈವರಣ್ಣನ ತಲೆಯ ಕಡೆ ಅಳಿಯ, ಕಾಲಿನ ಕಡೆ ನಾನು. ಮುಟ್ಟಿದರೂ ಸೆಟೆಯುತ್ತಿದ್ದುದರಿಂದ ನಾವು ಅವರನ್ನು ಮುಟ್ಟದೆ ಹತ್ತಿರ ಮಾತ್ರ ಕೂತೆವು.

ಕಾಕ ಆ ಇಡೀ ದಾರಿಯನ್ನು ಹಾರ್ನ್ ಹಾಕದೆ ಓಡಿಸಿದರು. ಆ ರಸ್ತೆಯಲ್ಲಿ ಹಾರ್ನ್ ಹಾಕದೆ ಹೋಗುವುದು ಎಂದರೆ ಏನೆಂದು ಅಲ್ಲಿ ಓಡಿಸಿದವರಿಗೆ ಗೊತ್ತು. ತಿರುವಿನಲ್ಲಿ ಎದುರು ಏನಿದೆ ಎಂದು ಕಾಣುವುದಿಲ್ಲ. ಅವರು ಪ್ರತಿ ತಿರುವಿಗೂ ನಿಧಾನ ಮಾಡಿ, ಗಾಜು ಇಳಿಸಿ, ಮಳೆಗೆ ಕೈ ಹೊರಗೆ ಹಾಕಿ ಬೀಸುತ್ತಿದ್ದರು. ನಿಧಾನ ಮಾಡಿದಾಗಲೆಲ್ಲ ಹೊತ್ತು ಹೋಗುತ್ತಿತ್ತು. ಪುಂಜಾಲಕಟ್ಟೆ ದಾಟಿದ ಮೇಲೆ ಹಿಂದೆ ಒಂದು ಬಸ್ಸು ಬಂತು. ದಾರಿ ಕೇಳಿ ಅದು ಉದ್ದಕ್ಕೆ ಹಾರ್ನ್ ಒತ್ತಿತು. ಡ್ರೈವರಣ್ಣ ಹಾಸಿಗೆಯಿಂದ ಎದ್ದು ನಿಂತ ಹಾಗೆ ಸೆಟೆದರು. ಮುಖ ನೀಲಿಯಾಯಿತು. ಕಾಕ ವ್ಯಾನನ್ನು ಬದಿಗೆ ತೆಗೆದು ಬಸ್ಸಿಗೆ ದಾರಿ ಬಿಟ್ಟರು. ಹೋಗುವಾಗ ಅದು ಮತ್ತೊಮ್ಮೆ ಹಾರ್ನ್ ಕೊಟ್ಟಿತು. ದಾರಿ ಬಿಟ್ಟದ್ದಕ್ಕೆ ಕೃತಜ್ಞತೆ. ಡ್ರೈವರುಗಳು ಹಾಗೆ ಮಾಡುತ್ತಾರೆ.

ಸೆಳೆತ ಬಿಟ್ಟಾಗ ಅವರು ಮಾತಾಡಿದರು. ನನ್ನನ್ನಲ್ಲ, ಅಳಿಯನನ್ನು ನೋಡಿ.

"ನೀನು ಕುಡಿಲಿಲ್ಲ ಅಲ್ವಾ?"

"ಇಲ್ಲ ಮಾವ."

"ರುಚಿ ಕೂಡ ನೋಡ್ಲಿಲ್ಲ?"

"ಇಲ್ಲ ಮಾವ. ನೀವು ಇಡು ಹೇಳಿದ್ರಿ. ಇಟ್ಟೆ."

"ಆಯ್ತು," ಎಂದರು. ಆಮೇಲೆ, "ಬಿಳಿ ಗುರುತು ಅಂತ ಮಾತ್ರ ಹೇಳಿದ್ದು ನಾನು," ಎಂದರು. ನಾನು ಕೇಳಿದ ಅವರ ಮಾತುಗಳಲ್ಲಿ ಅದೇ ಕೊನೆಯದು. ಬಿ.ಸಿ. ರೋಡಿನ ಗಲಾಟೆಯನ್ನು ಹೇಗೆ ದಾಟಿದೆವೋ ನನಗೆ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯವರು ಬಾಗಿಲಲ್ಲೇ ಕಾದಿದ್ದರು, ಕೂಡಲೇ ಒಳಗೆ ಕೊಂಡುಹೋದರು, ಮಾಡುವುದೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಡ್ರೈವರಣ್ಣ ತೀರಿಕೊಂಡರು.

ಆಮೇಲೆ ಪೊಲೀಸರು ಬಂದರು. ಮರ ತೋರಿಸಲು ಅವರ ಜೊತೆ ನಾನು ಹೋದೆ, ಅಳಿಯನೂ ಇದ್ದ. ಈ ಸಲ ರಸ್ತೆಯ ಕಡೆಯಿಂದ ಹೋದೆವು. ಕಾಸರಕನ ಮರದ ಮೈಯಲ್ಲಿ, ರಸ್ತೆಗೆ ಮುಖ ಮಾಡಿ, ಎದೆಯೆತ್ತರಕ್ಕೆ ಒಂದು ಬಿಳಿ ಪಟ್ಟಿ ಇತ್ತು. ರಸ್ತೆಗೆ ಕಡಿಯಬೇಕಾದ ಮರಗಳಿಗೆಲ್ಲ ಸರ್ವೆಯವರು ಬಳಿದ ಪೇಂಟು. ಅದರ ಕೆಳಗೆ ಕಲ್ಲಿನಿಂದ ಜಜ್ಜಿದ ಹಸಿ ಗಾಯ. ಅಲ್ಲಿಂದ ಒಳಗೆ ಹೋಗಿ ಹಾಲೆ ಮರದ ಬುಡದಲ್ಲಿ ನಿಂತೆವು. ಡ್ರೈವರಣ್ಣನ ಸುಣ್ಣದ ಗೆರೆ ಮಳೆಗೆ ಇಳಿದು, ತೊಗಟೆಯ ಬಿರುಕುಗಳಲ್ಲಿ ಮಾತ್ರ ಅಷ್ಟಿಷ್ಟು ಉಳಿದಿತ್ತು. ಸ್ಕೂಟರಿನ ಬೆಳಕು ಆರಿಸುವ ಮೊದಲು ಬಿಳಿ ಪಟ್ಟಿ ಕಂಡಿತು, ಅದೇ ಮರ ಎಂದು ಎಣಿಸಿದೆ ಎಂದು ಅಳಿಯ ಪೊಲೀಸರಿಗೆ ಹೇಳಿದ. ಹೇಳುವಾಗ ಅವನು ಹಾಲೆ ಮರವನ್ನು ನೋಡಲಿಲ್ಲ. ಪೊಲೀಸರು ಅವನ ಮಾತನ್ನು ನಂಬಿದರು. ನಾನೂ ನಂಬಿದೆ, ಏಕೆಂದರೆ ಎರಡೂ ಬಿಳಿಯನ್ನು ನಾನು ನೋಡಿದ್ದೇನೆ.

ಊರು ನಂಬಲಿಲ್ಲ. ಅಮಾವಾಸ್ಯೆಯ ಮದ್ದು ಚೆಲ್ಲಿದ್ದಕ್ಕೆ ಹೀಗಾಯಿತು ಎಂದು ಕೆಲವರು. ಡ್ರೈವರಣ್ಣನಿಗೆ ವಯಸ್ಸಾಗಿ ಗಿಡದ ಗುರುತು ತಪ್ಪಿತು ಎಂದು ಕೆಲವರು. ಉಳಿದವರು ಹೇಳುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅಳಿಯನ ಬಗ್ಗೆ, ಮಾವನ ಜಾಗದ ಬಗ್ಗೆ. ಅವನು ಕುಡಿಯದೆ ಲೋಟ ಕೆಳಗಿಟ್ಟದ್ದು ಯಾಕೆ ಎಂದು ಕೇಳುತ್ತಾರೆ. ಕೆಳಗಿಡು ಎಂದು ಹೇಳಿದವರು ಯಾರು ಎಂದು ನಾನು ಹೇಳಿದರೆ ಮಾತು ಬದಲಿಸುತ್ತಾರೆ. ರಸ್ತೆ ಈಗ ಅಗಲವಾಗಿದೆ. ಕಾಸರಕ ಹೋಯಿತು, ಮಣ್ಣು ಹಾಕುವಾಗ ಹಾಲೆಯೂ ಹೋಯಿತು. ಹೋಗಿ ನೋಡಿ ಎಂದು ತೋರಿಸಲು ಅಲ್ಲಿ ಏನೂ ಇಲ್ಲ.

ಆದ್ದರಿಂದ ಇದನ್ನು ನೋಡಿದವರು ಯಾರು, ಈಗ ಎಲ್ಲಿದ್ದಾರೆ ಎಂದು ಹೇಳಿ ಮುಗಿಸುತ್ತೇನೆ. ಡ್ರೈವರಣ್ಣನ ಹೆಂಡತಿ ಇದ್ದಾರೆ, ಅದೇ ಮನೆಯಲ್ಲಿ, ಯಾರಾದರೂ ಕೇಳಿದರೆ ಹೇಳುತ್ತಾರೆ. ಮಗಳು ಬಾಗಿಲಿನ ಹಿಂದೆ ಇದ್ದಳು, ಕೇಳಿದ್ದಾಳೆ, ನೋಡಿಲ್ಲ. ಕಾಕ ಇದ್ದಾರೆ, ಮಡಂತ್ಯಾರು ಪೇಟೆಯಲ್ಲಿ ಅಂಗಡಿಯಲ್ಲಿ ಸಿಗುತ್ತಾರೆ. ನನ್ನ ಅಮ್ಮ ಇದ್ದಾರೆ. ಲೋಟ ಅವರ ತುಟಿಯ ಹತ್ತಿರ ಹೋಗಿತ್ತು. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯನ್ನು ಮಳೆ ಬಂತೆಂದು ಬೈಯುತ್ತಾ ಎತ್ತಿದರು. ನಾನಿದ್ದೇನೆ.

ಅಳಿಯ ಮಸ್ಕತ್‌ನಲ್ಲಿದ್ದಾನೆ. ಆಮೇಲೆ ಊರಿಗೆ ಬಂದಿಲ್ಲ. ಲೋಟ ಕೆಳಗಿಟ್ಟದ್ದರಿಂದ ಅವನೂ ಬದುಕಿದ್ದಾನೆ.